ಮಿಶೆಲ್ ಫೌಲರ್: ಈಸ್ಟ್‌ಎಂಡರ್ಸ್‌ನ ಹದಿನಾರರ ಹುಡುಗಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯಾರು ಈ ಮಿಶೆಲ್ ಫೌಲರ್?

ಬಿಬಿಸಿಯ 'ಈಸ್ಟ್‌ಎಂಡರ್ಸ್' ಧಾರಾವಾಹಿಯ ಮೊದಲ ದಿನಗಳಿಂದಲೂ ಇದ್ದ ಪಾತ್ರ. ಲಂಡನ್ನಿನ ಪೂರ್ವ ಭಾಗದ ಕೂಲಿಕಾರರ ಮನೆಯ ಮಗಳು. ಶಾಲೆಗೆ ಹೋಗುತ್ತಿರುವಾಗಲೇ, ಹದಿನಾರನೇ ವಯಸ್ಸಿಗೆ ಬಸಿರಾಗುತ್ತಾಳೆ. ಮಗುವಿನ ತಂದೆ ಯಾರೆಂದು ಮನೆಯವರಿಗೂ ಹೇಳುವುದಿಲ್ಲ, ಕೇರಿಯವರಿಗೂ ಹೇಳುವುದಿಲ್ಲ. 1985ರಲ್ಲಿ ಇಡೀ ಬ್ರಿಟನ್ ತಲೆ ಕೆಡಿಸಿಕೊಂಡದ್ದು ಈ ಒಂದು ಪ್ರಶ್ನೆಗೆ: ಆ ಮಗುವಿನ ಅಪ್ಪ ಯಾರು?

ಆ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೂ ಮಿಶೆಲ್ ಹತ್ತು ವರ್ಷ ಆ ಧಾರಾವಾಹಿಯಲ್ಲಿದ್ದಳು. ಅವಳನ್ನು ಜನ ನೆನಪಿಟ್ಟುಕೊಂಡದ್ದು ಗುಟ್ಟಿನ ಕಾರಣಕ್ಕೆ ಮಾತ್ರ ಅಲ್ಲ. ಕೈಯಲ್ಲಿ ಕಾಸಿಲ್ಲದ ಹುಡುಗಿಯೊಬ್ಬಳು ತನ್ನ ಬದುಕಿನ ತೀರ್ಮಾನವನ್ನು ತಾನೇ ಮಾಡುತ್ತೇನೆ ಎಂದು ಹಟ ಹಿಡಿದು ಕೂತದ್ದನ್ನು ಅವರು ವಾರಕ್ಕೆ ಎರಡು ಸಲ ನೋಡಿದ್ದರು.

ಈಸ್ಟ್‌ಎಂಡರ್ಸ್ ನೋಡಿಯೇ ಇಲ್ಲದವರಿಗೆ ಹಿನ್ನೆಲೆ ಏನು?

1985ರ ಫೆಬ್ರುವರಿ 19ರಂದು ಶುರುವಾದ ಧಾರಾವಾಹಿ, ಇಂದಿಗೂ ನಡೆಯುತ್ತಿದೆ. ಕಟ್ಟಿದವರು ಇಬ್ಬರು: ನಿರ್ಮಾಪಕಿ ಜೂಲಿಯಾ ಸ್ಮಿತ್, ಬರಹಗಾರ ಟೋನಿ ಹಾಲೆಂಡ್. ಕಥೆ ನಡೆಯುವುದು ವಾಲ್‌ಫರ್ಡ್ ಎಂಬ ಕಲ್ಪಿತ ಪ್ರದೇಶದ ಆಲ್ಬರ್ಟ್ ಸ್ಕ್ವೇರ್‌ನಲ್ಲಿ. ನಡುವೆ ಸಣ್ಣ ಉದ್ಯಾನ, ಸುತ್ತ ಹಳೆಯ ಕಾಲದ ಮನೆಗಳು, ಮೂಲೆಯಲ್ಲಿ ಕ್ವೀನ್ ವಿಕ್ಟೋರಿಯಾ ಹೆಸರಿನ ಪಬ್, ಪಕ್ಕದಲ್ಲಿ ಬ್ರಿಜ್ ಸ್ಟ್ರೀಟ್‌ನ ತರಕಾರಿ ಸಂತೆ, ಒಂದು ಲಾಂಡ್ರಿ, ಒಂದು ಕೆಫೆ. ಎಲ್ಲರಿಗೂ ಎಲ್ಲರ ವಿಷಯ ಗೊತ್ತಿರುವ ಜಾಗ.

ಆರಂಭದಲ್ಲಿ ವಾರಕ್ಕೆ ಎರಡು ಕಂತು, ಅರ್ಧರ್ಧ ಗಂಟೆಯದು. ವಾರದ ಕೊನೆಗೆ ಎರಡನ್ನೂ ಜೋಡಿಸಿ ಮತ್ತೊಮ್ಮೆ ತೋರಿಸುತ್ತಿದ್ದರು. ಬಿಬಿಸಿ ನಡೆಯುವುದು ಟಿವಿ ಇಟ್ಟುಕೊಂಡವರು ಕಟ್ಟುವ ಲೈಸೆನ್ಸ್ ಶುಲ್ಕದಿಂದ, ಹಾಗಾಗಿ ನಡುವೆ ಜಾಹೀರಾತು ಇಲ್ಲ. ಪ್ರತಿ ಕಂತಿನ ಕೊನೆಗೆ ಯಾರದಾದರೂ ಮುಖದ ಮೇಲೆ ಕ್ಯಾಮೆರಾ ನಿಲ್ಲುತ್ತದೆ, ಡ್ರಮ್ ಬಡಿಯುತ್ತದೆ. ಆ ಡ್ರಮ್ಮಿನ ಸದ್ದು ಬ್ರಿಟನ್ನಿನ ಮಕ್ಕಳಿಗೂ ಬಾಯಿಪಾಠ.

ವಾಲ್‌ಫರ್ಡ್ ನಿಜವಾಗಿ ಎಲ್ಲಾದರೂ ಇದೆಯೇ?

ಇಲ್ಲ. ವಾಲ್ತಮ್‌ಸ್ಟೋ, ಸ್ಟ್ರಾಟ್‌ಫರ್ಡ್ ಎಂಬ ಎರಡು ನಿಜವಾದ ಊರುಗಳ ಹೆಸರನ್ನು ಸೇರಿಸಿ ಹೊಲಿದದ್ದು. ಚೌಕಕ್ಕೆ ಮಾದರಿಯಾದದ್ದು ಹ್ಯಾಕ್ನಿಯ ಡಾಲ್ಸ್ಟನ್‌ನಲ್ಲಿರುವ ಫ್ಯಾಸೆಟ್ ಸ್ಕ್ವೇರ್. ಚಿತ್ರೀಕರಣ ಲಂಡನ್ನಿನ ಹೊರಗೆ, ಬೋರಂವುಡ್‌ನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಹಾಕಿದ ಸೆಟ್ಟಿನಲ್ಲಿ. ವಾಲ್‌ಫರ್ಡ್‌ನ ಪಿನ್‌ಕೋಡ್ ಎಂದು ಬರೆದುಕೊಂಡ ಇ20 ಆಗ ಯಾವ ಊರಿಗೂ ಇರಲಿಲ್ಲ. 2011ರಲ್ಲಿ ಒಲಿಂಪಿಕ್ ಪಾರ್ಕ್ ಪ್ರದೇಶಕ್ಕೆ ಅದನ್ನೇ ಕೊಟ್ಟರು.

ಮನೆಗಳು ಸೆಟ್ ಆದರೂ ಜನರು ಸೆಟ್ ಅಲ್ಲ. ಟೋನಿ ಹಾಲೆಂಡ್ ತನ್ನ ಸ್ವಂತ ನೆಂಟರನ್ನೇ ಇಲ್ಲಿ ತಂದು ಕೂರಿಸಿದ. ಅವನಿಗೆ ಲೂ ಎಂಬ ಅತ್ತೆ ಇದ್ದಳು, ಅವಳಿಗೆ ಪೀಟರ್ ಮತ್ತು ಪಾಲೀನ್ ಎಂಬ ಮಕ್ಕಳಿದ್ದರು. ಧಾರಾವಾಹಿಯಲ್ಲಿ ಮಿಶೆಲ್‌ಳ ಅಜ್ಜಿ ಲೂ, ಅಮ್ಮ ಪಾಲೀನ್, ಸೋದರಮಾವ ಪೀಟ್. ಆ ಮನೆಯ ಜಗಳಗಳಲ್ಲಿ ಸುಳ್ಳು ಸದ್ದು ಕೇಳದಿರಲು ಇದೇ ಕಾರಣ ಎಂದು ನನ್ನ ಅಭಿಪ್ರಾಯ.

ಫೌಲರ್ ಮನೆತನದ ಪರಿಸ್ಥಿತಿ ಹೇಗಿತ್ತು? ತೀರಾ ಬಡವರೇ?

ಹಸಿದು ಮಲಗುವವರಲ್ಲ. ತಿಂಗಳ ಕೊನೆಗೆ ಲೆಕ್ಕ ಕೂಡಿಬರದವರು. ಆಲ್ಬರ್ಟ್ ಸ್ಕ್ವೇರ್‌ನ 45ನೇ ನಂಬರಿನ ಮನೆ ಸ್ವಂತದ್ದಲ್ಲ, ಸ್ಥಳೀಯ ಕೌನ್ಸಿಲ್‌ನಿಂದ ಬಾಡಿಗೆಗೆ ಬಂದದ್ದು. ಮನೆಯ ಯಜಮಾನಿ ಅಜ್ಜಿ ಲೂ ಬೀಲ್. ಅಪ್ಪ ಆರ್ಥರ್‌ಗೆ ಕೆಲಸವಿಲ್ಲ. ಅಮ್ಮ ಪಾಲೀನ್ ಲಾಂಡ್ರಿಯಲ್ಲಿ ದುಡಿಯುತ್ತಾಳೆ. ಅಣ್ಣ ಮಾರ್ಕ್ ಕೈಗೆ ಸಿಗದ ಹುಡುಗ. ಕಥೆ ಶುರುವಾಗುವಾಗ ಪಾಲೀನ್ ನಲವತ್ತರ ಆಸುಪಾಸಿನಲ್ಲಿ ಮತ್ತೆ ಬಸುರಿ. 'ಇರುವವರಿಗೇ ಜಾಗವಿಲ್ಲ, ಇನ್ನೊಂದು ಬೇಕಿತ್ತೇ' ಎನ್ನುವುದು ಅಜ್ಜಿಯ ಸಿಟ್ಟು. ಹಾಗೆ ಹುಟ್ಟಿದ ಮಾರ್ಟಿನ್, 1985ರ ಜುಲೈನಲ್ಲಿ. ಮರುವರ್ಷ ಮೇ 27ಕ್ಕೆ ಮಿಶೆಲ್‌ಗೆ ವಿಕಿ ಹುಟ್ಟಿದಳು. ಮಾವನಿಗೂ ಸೊಸೆಗೂ ವಯಸ್ಸಿನಲ್ಲಿ ಹತ್ತು ತಿಂಗಳ ಅಂತರ. ಒಂದೇ ಮನೆಯಲ್ಲಿ ತಾಯಿ ಮಗಳು ಇಬ್ಬರೂ ಕೂಸು ಎತ್ತಿಕೊಂಡು ಓಡಾಡುತ್ತಾರೆ.

ಆರ್ಥರ್‌ನ ನಿರುದ್ಯೋಗ ಬರೀ ಕಥೆಗೆ ಬೇಕಾಗಿ ಹಾಕಿದ ತೊಂದರೆಯಲ್ಲ. ಮಾರ್ಗರೆಟ್ ಥ್ಯಾಚರ್ ಸರ್ಕಾರದ ಆ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ 30 ಲಕ್ಷಕ್ಕೂ ಹೆಚ್ಚು ಜನ ಕೆಲಸವಿಲ್ಲದೆ ಕೂತಿದ್ದರು. ಆರ್ಥರ್ ಹಾಗೆ ಸೋಫಾದ ಮೇಲೆ ಕೂತು ದಿನ ದೂಡುತ್ತಿದ್ದುದನ್ನು ನೋಡಿದ ಎಷ್ಟೋ ಮನೆಗಳಲ್ಲಿ ಅದೇ ಭಂಗಿಯಲ್ಲಿ ಒಬ್ಬ ಗಂಡಸು ಕೂತಿದ್ದ.

ಮಗುವಿನ ಅಪ್ಪ ಯಾರೆಂದು ನೋಡುಗರಿಗೆ ಗೊತ್ತಾದದ್ದು ಹೇಗೆ?

ಇದು ಬ್ರಿಟಿಷ್ ಟಿವಿಯ ಇತಿಹಾಸದಲ್ಲೇ ಬಹಳ ಜಾಣತನದಿಂದ ಹೆಣೆದ ಘಟನೆಗಳಲ್ಲಿ ಒಂದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಿಶೆಲ್ ಬಸುರಿ ಎಂದು ಗೊತ್ತಾದ ಮೇಲೆ ವಾರಗಟ್ಟಲೆ ಅಪ್ಪನ ಹೆಸರು ಹೊರಗೆ ಬರಲಿಲ್ಲ. ಪತ್ರಿಕೆಗಳು ಊಹೆಯ ಮೇಲೆ ಊಹೆ ಬರೆದವು. ಚೌಕದಲ್ಲಿದ್ದ ಗಂಡಸರೆಲ್ಲರ ಮೇಲೂ ಅನುಮಾನ. ಆಮೇಲೆ 1985ರ ಅಕ್ಟೋಬರ್ ಮೊದಲ ವಾರದ ಕಂತು ಬಂತು. ಮಿಶೆಲ್ ಯಾರನ್ನೋ ಗುಟ್ಟಾಗಿ ಭೇಟಿ ಮಾಡಲು ಹೊರಡುತ್ತಾಳೆ. ಅದೇ ಹೊತ್ತಿಗೆ ಚೌಕದಿಂದ ಒಬ್ಬೊಬ್ಬರಾಗಿ ಗಂಡಸರು ಹೊರಬೀಳುತ್ತಾರೆ: ಕಟ್ಟಡದ ಕೆಲಸ ಮಾಡುವ ಟೋನಿ ಕಾರ್ಪೆಂಟರ್ ಹೊರಟ, ಕೆಫೆಯ ಅಲಿ ಓಸ್ಮಾನ್ ಹೊರಟ, ಹೀಗೆ. ಪ್ರತಿಯೊಬ್ಬ ಹೊರಟಾಗಲೂ 'ಹಾಗಾದರೆ ಇವನೇ' ಎನಿಸಬೇಕು.

ಮಿಶೆಲ್ ಕಾಲುವೆಯ ದಂಡೆಯಲ್ಲಿ ಒಬ್ಬಳೇ ಕಾಯುತ್ತಿದ್ದಾಳೆ. ದೂರದಲ್ಲಿ ಕಾರೊಂದು ಬಂದು ನಿಲ್ಲುತ್ತದೆ. ಒಳಗಿರುವವರ ಮುಖ ಕಾಣುವುದಿಲ್ಲ. ಬಾಗಿಲು ತೆರೆಯುತ್ತದೆ, ಮೊದಲು ಕೆಳಗೆ ಜಿಗಿಯುವುದು ಒಂದು ನಾಯಿ. ಗುಂಗುರು ಕೂದಲಿನ ಪೂಡಲ್, ಹೆಸರು ರೋಲಿ. ರೋಲಿ ಯಾರ ನಾಯಿ ಎಂದು ನೋಡುತ್ತಿದ್ದ ಪ್ರತಿ ಮನೆಗೂ ಗೊತ್ತಿತ್ತು. ಕ್ವೀನ್ ವಿಕ್ ಪಬ್ಬಿನ ಮಾಲೀಕ ಡೆನ್ ವಾಟ್ಸ್‌ನದು. ಮನುಷ್ಯನ ಮುಖ ಕಾಣುವ ಮೊದಲೇ ಉತ್ತರ ಸಿಕ್ಕಿಹೋಯಿತು. ಒಂದು ಮಾತಿಲ್ಲ, ಕಿರುಚಾಟವಿಲ್ಲ.

ಡೆನ್ ಎಂದರೆ ಮಿಶೆಲ್‌ಳ ಜೀವದ ಗೆಳತಿ ಶರನ್‌ಳ ಅಪ್ಪ. ಮಿಶೆಲ್ ಮನೆಮಗಳಂತೆ ಓಡಾಡಿಕೊಂಡಿದ್ದ ಮನೆಯ ಯಜಮಾನ. ಅದಾದ ಮೇಲೆ ಆ ದಂಡೆಯಲ್ಲಿ ಅವರಿಬ್ಬರದೇ ಉದ್ದನೆಯ ಮಾತುಕತೆ. ಧಾರಾವಾಹಿಗಳು ನಿಮಿಷಕ್ಕೊಮ್ಮೆ ದೃಶ್ಯ ಬದಲಿಸುವ ಕಾಲದಲ್ಲಿ ಬರಹಗಾರರು ಇಬ್ಬರನ್ನು ನೀರಿನ ಪಕ್ಕ ಕೂರಿಸಿ ಮಾತಾಡಲು ಬಿಟ್ಟರು. ಮಗುವನ್ನು ಉಳಿಸಿಕೊಳ್ಳುತ್ತೇನೆ, ನಿನ್ನ ಹೆಸರನ್ನು ಯಾರಿಗೂ ಹೇಳುವುದಿಲ್ಲ: ಇವೆರಡೂ ಮಿಶೆಲ್‌ಳ ತೀರ್ಮಾನ. ಆ ದೃಶ್ಯದಲ್ಲಿ ದೊಡ್ಡವಳ ಹಾಗೆ ಕಾಣುವವಳು ಶಾಲೆಯ ಹುಡುಗಿ.

ಅವಳು ಹೆಸರು ಹೇಳದೆ ಇದ್ದದ್ದು ಯಾಕೆ? ಡೆನ್‌ನನ್ನು ಕಾಪಾಡಲಿಕ್ಕೋ?

ಸ್ವಲ್ಪ ಅದೂ ಇತ್ತು, ಅವಳಿಗೆ ಅವನ ಮೇಲೆ ಮನಸ್ಸಿತ್ತು. ಆದರೆ ಹೆಸರು ಹೊರಬಿದ್ದರೆ ಮೊದಲು ಮುರಿಯುವುದು ಶರನ್‌ಳ ಮನೆ. ಶರನ್ ದತ್ತು ಮಗಳು, ಅವಳ ಅಮ್ಮ ಆಂಜಿ ಕುಡಿತಕ್ಕೆ ಬಿದ್ದವಳು; ಅಪ್ಪ ಎಂದರೆ ಶರನ್‌ಗೆ ಪ್ರಾಣ. ಇನ್ನೊಂದು ಕಡೆ ಆರ್ಥರ್ ಮತ್ತು ಪೀಟ್ ಡೆನ್‌ನ ಪಬ್ಬಿನಲ್ಲಿ ಕೂರುವವರು. ಹೆಸರು ತಿಳಿದರೆ ಕೇರಿಯೇ ಎರಡಾಗುತ್ತಿತ್ತು.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಆ ಮನೆಯಲ್ಲಿ ಮಿಶೆಲ್‌ಗೆ ತನ್ನದು ಎಂದು ಇದ್ದದ್ದು ಕಡಿಮೆ. ಏಕಾಂತ ಇರಲಿಲ್ಲ, ದುಡ್ಡಿರಲಿಲ್ಲ, ಊರಿನವರ ಬಾಯಿಂದ ತಪ್ಪಿಸಿಕೊಳ್ಳಲು ಜಾಗವೂ ಇರಲಿಲ್ಲ. ಆ ಹೆಸರೊಂದು ಅವಳ ಕೈಯಲ್ಲಿತ್ತು. ಅಮ್ಮ ಗದರಿದಳು, ಅಜ್ಜಿ ಗದರಿದಳು, ಅವಳು ಬಾಯಿ ಬಿಡಲಿಲ್ಲ. ಸಿರಿವಂತರ ಮನೆಯಲ್ಲಾದರೆ ಇಂಥ ಗುಟ್ಟನ್ನು ದುಡ್ಡು ಕಾಯುತ್ತದೆ. ಹುಡುಗಿಯನ್ನು ದೂರದ ಊರಿಗೆ ಕಳಿಸುತ್ತಾರೆ, ಬಾಯಿ ಮುಚ್ಚಿಸುತ್ತಾರೆ. ಇಲ್ಲಿ ಹುಡುಗಿಯೇ ಕಾಯಬೇಕಾಯಿತು.

ಡೆನ್ ಅವಳ ಅಪ್ಪನ ವಯಸ್ಸಿನವನು. ಅದು ಅಪರಾಧ ಆಗುತ್ತಿರಲಿಲ್ಲವೇ?

ಇಂಗ್ಲೆಂಡಿನಲ್ಲಿ ಸಮ್ಮತಿಯ ವಯಸ್ಸು 16. ಮಿಶೆಲ್ ಅದನ್ನು ಆಗಷ್ಟೇ ದಾಟಿದ್ದಳು. ಕಾನೂನಿನ ಲೆಕ್ಕಕ್ಕೆ ಅಪರಾಧವಲ್ಲ. ಬರಹಗಾರರು ವಯಸ್ಸನ್ನು ಅಲ್ಲಿಗೇ ನಿಲ್ಲಿಸಿದ್ದು ತಿಳಿದೇ ಇರಬೇಕು.

ಆದರೆ ಸರಿಯೇ ಎಂದು ಕೇಳಿದರೆ, ಅಲ್ಲ. 1985ರಲ್ಲಿ ಪತ್ರಿಕೆಗಳು ಇದನ್ನು ರೋಚಕ ಪ್ರೇಮಪ್ರಕರಣದ ಹಾಗೆ ಬರೆದವು. ಡೆನ್‌ಗೆ ಅವು ಕೊಟ್ಟ 'ಡರ್ಟಿ ಡೆನ್' ಎಂಬ ಹೆಸರಿನಲ್ಲೂ ಬೈಗುಳಕ್ಕಿಂತ ಸಲಿಗೆಯೇ ಜಾಸ್ತಿ. ಇವತ್ತು ನೋಡಿದರೆ ಕಾಣುವುದು, ಮಗಳ ಗೆಳತಿಯ ನಂಬಿಕೆಯನ್ನು ಬಳಸಿಕೊಂಡ ನಡುವಯಸ್ಸಿನ ಗಂಡಸು. ಮಿಶೆಲ್ ಬಲಾತ್ಕಾರಕ್ಕೆ ಒಳಗಾದವಳಲ್ಲ, ಅವಳಿಗೆ ಅವನು ಬೇಕಾಗಿದ್ದ, ನಿಜ. ಬೇಕೆಂದದ್ದು ಹದಿನಾರರ ಹುಡುಗಿ, ಬೇಡ ಎನ್ನಬೇಕಾದವನು ದೊಡ್ಡವನು. ಆಗಿನ ನೋಡುಗರಲ್ಲಿ ಬಹಳ ಮಂದಿ 'ಅವಳು ಯಾಕೆ ಹೀಗೆ ಮಾಡಿದಳು' ಎಂದು ಕೇಳಿದರು. ಕೇಳಬೇಕಾಗಿದ್ದ ಪ್ರಶ್ನೆ ಡೆನ್‌ಗೆ.

ಆ ಕಾಲದ ಬ್ರಿಟನ್ನಿನಲ್ಲಿ ಇದಕ್ಕೆ ವಿರೋಧ ಬರಲಿಲ್ಲವೇ?

ಬಂತು. ಟಿವಿಯಲ್ಲಿ ನೈತಿಕತೆ ಕೆಡುತ್ತಿದೆ ಎಂದು ವರ್ಷಗಟ್ಟಲೆ ಹೋರಾಡಿದ ಮೇರಿ ವೈಟ್‌ಹೌಸ್ ಈಸ್ಟ್‌ಎಂಡರ್ಸ್ ವಿರುದ್ಧ ಮತ್ತೆ ಮತ್ತೆ ದನಿ ಎತ್ತಿದರು. ಮನೆಮಂದಿಯೆಲ್ಲ ಕೂತು ನೋಡುವ ಹೊತ್ತಿನಲ್ಲಿ ಇಂಥದ್ದೆಲ್ಲ ಬೇಕೇ ಎನ್ನುವುದು ಅವರ ತಕರಾರು.

ಇನ್ನೊಂದು ಸಂಗತಿ. ಕಾಲುವೆಯ ಕಂತು ಪ್ರಸಾರವಾದ ಅದೇ ಅಕ್ಟೋಬರ್‌ನಲ್ಲಿ, 17ರಂದು, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಗಿಲಿಕ್ ಪ್ರಕರಣದ ತೀರ್ಪು ಕೊಟ್ಟಿತು. ಹದಿನಾರರೊಳಗಿನ ಹುಡುಗಿಗೆ ತಂದೆತಾಯಿಯ ಒಪ್ಪಿಗೆ ಇಲ್ಲದೆ ವೈದ್ಯರು ಗರ್ಭನಿರೋಧಕದ ಸಲಹೆ ಕೊಡಬಹುದೇ ಎನ್ನುವುದು ವ್ಯಾಜ್ಯ. ಐದು ಹೆಣ್ಣುಮಕ್ಕಳೂ ಸೇರಿ ಹತ್ತು ಮಕ್ಕಳ ತಾಯಿಯಾದ ವಿಕ್ಟೋರಿಯಾ ಗಿಲಿಕ್ ಕೊಡಬಾರದೆಂದು ಕೋರ್ಟಿಗೆ ಹೋಗಿದ್ದರು. ವಿಷಯವನ್ನು ಸರಿಯಾಗಿ ಅರ್ಥಮಾಡಿಕೊಳ್ಳುವ ಬುದ್ಧಿ ಆ ಹುಡುಗಿಗೆ ಇದ್ದರೆ ಕೊಡಬಹುದು ಎಂದು ತೀರ್ಪು ಬಂತು. ಹುಡುಗಿಯ ದೇಹದ ಬಗ್ಗೆ ತೀರ್ಮಾನ ಯಾರದು ಎಂದು ನ್ಯಾಯಮೂರ್ತಿಗಳು ಮತ್ತು ಒಂದು ಧಾರಾವಾಹಿ ಒಂದೇ ತಿಂಗಳಲ್ಲಿ ಮಾತಾಡಿದ ಹಾಗಾಯಿತು. ಎರಡಕ್ಕೂ ನೇರ ಸಂಬಂಧವಿಲ್ಲ, ಗಾಳಿ ಮಾತ್ರ ಒಂದೇ.

ಗರ್ಭಪಾತ ಆಗ ಕಾನೂನುಬದ್ಧವಾಗಿತ್ತಲ್ಲ, ಯಾಕೆ ಮಾಡಿಸಿಕೊಳ್ಳಲಿಲ್ಲ?

1967ರ ಕಾಯಿದೆಯಿಂದ ಅವಕಾಶ ಇತ್ತು. ಮಿಶೆಲ್ ಬೇಡವೆಂದಳು. ಮುಂದೆ 1987ರಲ್ಲಿ, ಮದುವೆಯಾದ ಮೇಲೆ, ಗಂಡನಿಂದ ಬಸುರಾದಾಗ ಅವಳೇ ಗರ್ಭಪಾತ ಮಾಡಿಸಿಕೊಂಡಳು. ಮೊದಲ ಸಲ ಎಲ್ಲರೂ ಬೇಡ ಎನ್ನುವ ಮಗುವನ್ನು ಇಟ್ಟುಕೊಂಡಳು, ಎರಡನೇ ಸಲ ಎಲ್ಲರೂ ಬೇಕು ಎನ್ನುವ ಬಸಿರನ್ನು ಬಿಟ್ಟಳು. ಎರಡನ್ನೂ ಒಂದೇ ಪಾತ್ರಕ್ಕೆ ಕೊಟ್ಟು, ಎರಡರಲ್ಲೂ ಅವಳನ್ನು ಕೆಟ್ಟವಳನ್ನಾಗಿ ಮಾಡದೆ ಬರೆದದ್ದಕ್ಕೆ ನಾನು ಆ ಬರಹಗಾರರನ್ನು ತುಂಬ ಗೌರವಿಸುತ್ತೇನೆ.

ಮದುವೆಯ ದಿನ ಏನಾಯಿತು? ಅಪ್ಪನ ಕಳ್ಳತನಕ್ಕೂ ಅದಕ್ಕೂ ಏನು ಸಂಬಂಧ?

ಮಿಶೆಲ್‌ಳ ಇಡೀ ಕಥೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಭಾಗ ಇದು. ಕಾಲುವೆಯ ದೃಶ್ಯಕ್ಕೆ ಸಿಕ್ಕ ಹೆಸರು ಇದಕ್ಕೆ ಅಷ್ಟಾಗಿ ಸಿಗಲಿಲ್ಲ.

ಲಾಫ್ಟಿ ಹಾಲೋವೇ ಪಬ್ಬಿನಲ್ಲಿ ಗ್ಲಾಸು ತುಂಬಿಸುವ ಹುಡುಗ. ಮೊದಲು ಸೈನ್ಯದಲ್ಲಿದ್ದ, ಉಬ್ಬಸದ ಕಾರಣಕ್ಕೆ ಮನೆಗೆ ಕಳಿಸಿದರು. ಉದ್ದ ಮೈ, ದಪ್ಪ ಕನ್ನಡಕ, ಮೆತ್ತಗಿನ ಮನಸ್ಸು. ಬೇರೆಯವನ ಮಗುವಿಗೆ ಅಪ್ಪನಾಗಲು ತಾನಾಗಿ ಮುಂದೆ ಬಂದ. ಮಗಳಿಗೆ ಒಂದು ನೆಲೆ ಸಿಕ್ಕಿತು ಎಂದು ಆರ್ಥರ್, ಪಾಲೀನ್ ಉಸಿರುಬಿಟ್ಟರು.

ಮಗಳ ಮದುವೆ ಎಂದರೆ ಖರ್ಚು. ಆರ್ಥರ್ ಕೈಯಲ್ಲಿ ಕೆಲಸವಿಲ್ಲ. ಆದರೆ ಅವನ ಬಳಿ ಬೇರೆಯವರ ದುಡ್ಡಿತ್ತು. ಕೇರಿಯವರೆಲ್ಲ ಕ್ರಿಸ್‌ಮಸ್ ಹಬ್ಬಕ್ಕೆಂದು ವಾರವಾರವೂ ಸ್ವಲ್ಪ ಸ್ವಲ್ಪ ಕಟ್ಟುತ್ತಿದ್ದರು, ನಮ್ಮಲ್ಲಿ ಯುಗಾದಿ ಚೀಟಿ, ದೀಪಾವಳಿ ಚೀಟಿ ಕಟ್ಟುವ ಹಾಗೆಯೇ. ವಸೂಲಿ ಮಾಡಿ ಜೋಪಾನವಾಗಿ ಇಡುವ ಕೆಲಸ ಆರ್ಥರ್‌ನದು, ಅವನ ಮೇಲಿನ ನಂಬಿಕೆಯಿಂದ ಕೊಟ್ಟದ್ದು. ನಾಲ್ಕು ಜನರ ಎದುರು ಮಗಳ ಮದುವೆ ಸೊಗಸಾಗಿ ಆಗಲಿ ಎಂದು ಅವನು ಆ ಹಣಕ್ಕೆ ಕೈ ಹಾಕಿದ. ಮುಚ್ಚಿಹಾಕಲು ಮನೆಗೆ ಕಳ್ಳರು ನುಗ್ಗಿದರೆಂದು ನಾಟಕ ಕಟ್ಟಿದ.

1986ರ ಸೆಪ್ಟೆಂಬರ್ ಕೊನೆಯ ವಾರ. ಚರ್ಚಿನಲ್ಲಿ ಎಲ್ಲರೂ ಸೇರಿದ್ದಾರೆ, ಲಾಫ್ಟಿ ಕಾಯುತ್ತಿದ್ದಾನೆ. ಮಿಶೆಲ್ ಬಂದು ಬಾಗಿಲ ತನಕ ತಲುಪುತ್ತಾಳೆ. ಒಳಗೆ ಹೋಗುವುದು ಅವಳಿಂದ ಆಗುವುದಿಲ್ಲ. ಮನಸ್ಸಿನಲ್ಲಿ ಡೆನ್ ಇನ್ನೂ ಇದ್ದ. ಕರುಣೆಗೆ ಕೈ ಹಿಡಿದವನನ್ನು ಅದೇ ಮನಸ್ಸಿನಿಂದ ಮದುವೆಯಾಗಲು ಅವಳ ಒಳಗು ಒಪ್ಪಲಿಲ್ಲ. ಮದುವೆ ಮುರಿಯಿತು. ಆರ್ಥರ್ ಕದ್ದದ್ದು ಆಗದ ಮದುವೆಗೆ.

ಆಮೇಲಿನ ಕುಸಿತವನ್ನು ಅವಸರ ಮಾಡದೆ ತೋರಿಸಿದರು. ಆರ್ಥರ್ ಮಾತು ಕಡಿಮೆ ಮಾಡಿದ, ಕೂತಲ್ಲೇ ಕೂತ. ಹೊಸ ವರ್ಷ 1987 ಹುಟ್ಟುವ ಹೊತ್ತಿಗೆ ತನ್ನ ಮನೆಯ ಹಜಾರವನ್ನೇ ಒಡೆದು ಪುಡಿ ಮಾಡಿದ. ಮಾನಸಿಕ ಕಾಯಿಲೆಗೆ ಆಸ್ಪತ್ರೆ, ಆಮೇಲೆ ಕಳ್ಳತನಕ್ಕೆ ಜೈಲು. ಬಿಲ್ ಟ್ರೀಚರ್ ಆ ಪಾತ್ರವನ್ನು ಆಡಿದ ರೀತಿ ನೋಡಿದವರು ಮರೆಯುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು: ಮಗಳು ಮದುವೆಗೆ ಮುಂಚೆ ಹೆತ್ತಳು ಎಂಬ ಅವಮಾನದಿಂದ ಆರ್ಥರ್ ಮುರಿಯಲಿಲ್ಲ. ಅದನ್ನು ಆ ಮನೆ ಹೇಗೋ ನುಂಗಿಕೊಂಡಿತ್ತು, ಮೊಮ್ಮಗಳನ್ನು ಎತ್ತಿ ಆಡಿಸಿತ್ತು. ಅವನನ್ನು ಮುರಿದದ್ದು ಮಗಳಿಗೆ ಒಂದು ಊಟ ಹಾಕಿಸಲು ಗತಿಯಿಲ್ಲ ಎಂಬ ಸಂಕಟ.

ಲಾಫ್ಟಿಗೆ ಮಿಶೆಲ್ ಅನ್ಯಾಯ ಮಾಡಿದಳಲ್ಲವೇ?

ಮಾಡಿದಳು. ಅದೇ ವರ್ಷ ನವೆಂಬರ್‌ನಲ್ಲಿ ಸದ್ದುಗದ್ದಲವಿಲ್ಲದೆ ಅವನನ್ನೇ ಮದುವೆಯಾದಳು, ಅದು ಇನ್ನೂ ದೊಡ್ಡ ಅನ್ಯಾಯ. ಅವನಿಗೆ ವಿಕಿಯನ್ನು ಕಾನೂನುಬದ್ಧವಾಗಿ ಮಗಳು ಮಾಡಿಕೊಳ್ಳುವ ಆಸೆ, ತನ್ನದೂ ಒಂದು ಮಗು ಬೇಕೆಂಬ ಆಸೆ. ಮಿಶೆಲ್‌ಗೆ ಎರಡೂ ಬೇಡ. ಸಂಸಾರ ನಿಲ್ಲಲಿಲ್ಲ, 1988ರಲ್ಲಿ ಲಾಫ್ಟಿ ವಾಲ್‌ಫರ್ಡ್ ಬಿಟ್ಟು ಹೋದ. ಟಾಮ್ ವಾಟ್ ಆ ಪಾತ್ರಕ್ಕೆ ಎಂಥ ಮೃದುತ್ವ ತಂದಿದ್ದರೆಂದರೆ, ಮಿಶೆಲ್‌ಳ ಪಕ್ಷ ವಹಿಸುವ ನನಗೂ ಆ ಕಂತುಗಳಲ್ಲಿ ಲಾಫ್ಟಿಯ ಕಡೆ ನೋಡುವುದು ಕಷ್ಟ.

ಶರನ್‌ಗೆ ಯಾವಾಗ ಗೊತ್ತಾಯಿತು?

ಡೆನ್ ಸತ್ತ ಮೇಲೆ. 1989ರ ಫೆಬ್ರುವರಿಯಲ್ಲಿ ಡೆನ್‌ಗೆ ಗುಂಡು ಹಾರಿಸುತ್ತಾರೆ, ಅದೂ ಕಾಲುವೆಯ ದಂಡೆಯಲ್ಲೇ. ಬಂದೂಕನ್ನು ಡ್ಯಾಫೊಡಿಲ್ ಹೂವಿನ ಗೊಂಚಲಲ್ಲಿ ಮುಚ್ಚಿಟ್ಟಿರುತ್ತಾರೆ. ಅಪ್ಪನನ್ನು ಕಳೆದುಕೊಂಡು ಕೊರಗುತ್ತಿದ್ದ ಶರನ್‌ಗೆ ಮಿಶೆಲ್ ಸತ್ಯ ಹೇಳುತ್ತಾಳೆ: ವಿಕಿ ನಿನ್ನ ತಂಗಿ. ಸಮಾಧಾನವಾಗಲಿ ಎಂದು ಹೇಳಿದ್ದು, ಆಗಿದ್ದು ಬೇರೆ. ಗೆಳೆತನ ಬಿರುಕು ಬಿಟ್ಟಿತು, ಆದರೆ ಕಡಿದುಹೋಗಲಿಲ್ಲ. ಶರನ್ ಪಾತ್ರದ ಲೆಟಿಷಿಯಾ ಡೀನ್ ಮತ್ತು ಮಿಶೆಲ್ ಪಾತ್ರದ ಸೂಸನ್ ಟಲ್ಲಿ ಇಬ್ಬರೇ ಒಂದು ಕೋಣೆಯಲ್ಲಿ ಕೂತು ಮಾತಾಡುವ ದೃಶ್ಯಗಳು ಈ ಧಾರಾವಾಹಿಯ ಬಲ.

(ಡೆನ್ ನಿಜವಾಗಿ ಸತ್ತಿರಲಿಲ್ಲ, 2003ರಲ್ಲಿ ಎದ್ದು ಬಂದ, 2005ರಲ್ಲಿ ಮತ್ತೆ ಸತ್ತ.)

ಪಾತ್ರ ಮಾಡಿದ ನಟಿ ಯಾರು?

ಸೂಸನ್ ಟಲ್ಲಿ. ಲಂಡನ್ನಿನವರೇ. ಇಸ್ಲಿಂಗ್ಟನ್‌ನಲ್ಲಿ ಆನಾ ಶೆರ್ 1968ರಲ್ಲಿ ಶುರು ಮಾಡಿದ ಮಕ್ಕಳ ನಾಟಕ ಶಾಲೆಯಲ್ಲಿ ಕಲಿತವರು. ದುಬಾರಿ ನಟನಾ ಶಾಲೆಗಳ ಮೆಟ್ಟಿಲು ಹತ್ತಲಾಗದ ಸುತ್ತಮುತ್ತಲಿನ ಮಕ್ಕಳಿಗೆ ಕಡಿಮೆ ಖರ್ಚಿನಲ್ಲಿ ಕಲಿಸುತ್ತಿದ್ದ ಜಾಗ ಅದು. ಪೀಟ್‌ನ ಹೆಂಡತಿ ಕ್ಯಾಥಿ ಬೀಲ್ ಪಾತ್ರದ ಗಿಲಿಯನ್ ಟೇಲ್‌ಫೋರ್ತ್ ಕೂಡ ಅಲ್ಲಿಂದಲೇ ಬಂದವರು. ಮಿಶೆಲ್ ಮಾತಾಡುವಾಗ ಕೇಳುವ ಲಂಡನ್ ಬೀದಿಯ ಮಾತು ಯಾರೋ ತಾಲೀಮು ಕೊಟ್ಟು ಕಲಿಸಿದ್ದಲ್ಲ.

ಅದಕ್ಕೆ ಮೊದಲು ಅವರು 'ಗ್ರೇಂಜ್ ಹಿಲ್' ಎಂಬ ಶಾಲಾಮಕ್ಕಳ ಧಾರಾವಾಹಿಯಲ್ಲಿ ಸುಜಾನ್ ರಾಸ್ ಆಗಿ ಮನೆಮಾತಾಗಿದ್ದರು. 1995ರಲ್ಲಿ ಈಸ್ಟ್‌ಎಂಡರ್ಸ್ ಬಿಟ್ಟ ಮೇಲೆ ಕ್ಯಾಮೆರಾದ ಹಿಂದೆ ಹೋದರು, ನಿರ್ದೇಶಕಿಯಾದರು. 2019ರಲ್ಲಿ ಬಂದ 'ಲೈನ್ ಆಫ್ ಡ್ಯೂಟಿ' ಪೊಲೀಸ್ ಧಾರಾವಾಹಿಯ ಐದನೇ ಸರಣಿಯ ಕೆಲವು ಕಂತುಗಳು ಅವರ ನಿರ್ದೇಶನದವು.

ಮಗುವಾದ ಮೇಲೆ ಓದು ನಿಂತೇಹೋಯಿತೇ?

ಇಲ್ಲ, ಇದನ್ನು ಬಹಳ ಮಂದಿ ಮರೆಯುತ್ತಾರೆ. ಮಗಳನ್ನು ಬೆಳೆಸುತ್ತ, ಕೆಲಸ ಮಾಡುತ್ತ, ಮುಂದೆ ಕಾಲೇಜು ಸೇರಿ ಪದವಿ ಪಡೆದಳು. ಆ ಮನೆಯಲ್ಲಿ ಅಲ್ಲಿಯ ತನಕ ಯಾರೂ ಕಾಲೇಜಿನ ಕಡೆ ಹೋದವರಲ್ಲ. ಓದಿ ಬಂದವಳಿಗೆ ಅಮ್ಮನ ಜೊತೆ ಮಾತು ಕೂಡದೆ ಹೋಗುವುದು, ಪಾಲೀನ್‌ಗೆ ಒಳಗೊಳಗೇ ಹೆಮ್ಮೆಯೂ ಕಸಿವಿಸಿಯೂ ಆಗುವುದು, ಇದನ್ನೆಲ್ಲ ಪಾಲೀನ್ ಪಾತ್ರದ ವೆಂಡಿ ರಿಚರ್ಡ್ ಮುಖದಲ್ಲೇ ತೋರಿಸಿಬಿಡುತ್ತಿದ್ದರು. ಹದಿಹರೆಯದಲ್ಲಿ ಹೆತ್ತವಳ ಬದುಕು ಅಲ್ಲಿಗೆ ಮುಗಿಯಿತು ಎಂದು ಈ ಕಥೆ ಒಪ್ಪಿಕೊಳ್ಳಲಿಲ್ಲ. ಸುಲಭವಾಯಿತು ಎಂದು ಸುಳ್ಳೂ ಹೇಳಲಿಲ್ಲ.

ನಮ್ಮ ಸೀರಿಯಲ್ ನೋಡಿ ಅಭ್ಯಾಸ ಇದ್ದವರಿಗೆ ಇದು ಹೇಗೆ ಅನಿಸಬಹುದು?

ಮೊದಲಿಗೆ ಸಪ್ಪೆ ಅನಿಸಬಹುದು. ದೊಡ್ಡ ಬಂಗಲೆ ಇಲ್ಲ, ಪ್ರತಿ ಮಾತಿಗೂ ಸಂಗೀತ ಇಲ್ಲ, ಮುಖವನ್ನು ಮೂರು ಸಲ ತೋರಿಸುವುದಿಲ್ಲ. ಜನ ಮಾತಿನ ನಡುವೆ ಟೀ ಮಾಡುತ್ತಾರೆ, ಬಟ್ಟೆ ಮಡಚುತ್ತಾರೆ. ಒಂದಷ್ಟು ಕಂತು ತಾಳಿಕೊಂಡರೆ ಆ ಟೀ ಮಾಡುವುದರಲ್ಲೇ ಜಗಳ ನಡೆಯುತ್ತಿದೆ ಎಂದು ತಿಳಿಯುತ್ತದೆ.

1995ರಲ್ಲಿ ಅವಳು ಹೋದದ್ದು ಎಲ್ಲಿಗೆ?

ಅಮೆರಿಕದ ಅಲಬಾಮಾಕ್ಕೆ, ವಿಕಿಯನ್ನು ಕರೆದುಕೊಂಡು. ಹೋಗುವಾಗ ಮತ್ತೆ ಬಸುರಿ. ತಂದೆ ಗ್ರಾಂಟ್ ಮಿಚೆಲ್, ಅಂದರೆ ಶರನ್‌ಳ ಮಾಜಿ ಗಂಡ. ಈ ತಿರುವು ನನಗೆ ಹಿಡಿಸಲಿಲ್ಲ. ಹತ್ತು ವರ್ಷದಲ್ಲಿ ಅಷ್ಟು ಬೆಳೆದವಳನ್ನು ಮೊದಲ ಕಥೆಯ ಅಚ್ಚಿಗೇ ಮತ್ತೆ ಒತ್ತಿದಂತಾಯಿತು.

2016ರಲ್ಲಿ ವಾಪಸ್ ಬಂದವಳು ಅದೇ ಮಿಶೆಲ್ಲೇ?

ಪಾತ್ರ ಅದೇ, ನಟಿ ಬೇರೆ: ಜೆನ್ನಾ ರಸಲ್. ಆ ವರ್ಷದ ಕ್ರಿಸ್‌ಮಸ್ ದಿನ ಶರನ್‌ಳ ಬಾಗಿಲಿಗೆ ಬಂದು ನಿಂತಳು, 2018ರ ತನಕ ಇದ್ದಳು. ಆಗ ಹೊರಬಿದ್ದ ಕಥೆ: ಫ್ಲಾರಿಡಾದಲ್ಲಿ ಟೀಚರ್ ಆಗಿದ್ದ ಮಿಶೆಲ್‌ಗೆ 17 ವರ್ಷದ ವಿದ್ಯಾರ್ಥಿಯ ಜೊತೆ ಸಂಬಂಧ. ಒಂದು ಕಾಲಕ್ಕೆ ದೊಡ್ಡವನ ಕೈಗೆ ಸಿಕ್ಕ ಹುಡುಗಿ ಈಗ ತಾನೇ ದೊಡ್ಡವಳ ಜಾಗದಲ್ಲಿ. ಆಲೋಚನೆ ಗಟ್ಟಿಯಾದದ್ದೇ. 1985ರ ಹುಡುಗಿಗೆ ಏನಾಗಿತ್ತು ಎಂದು ಹಿಂತಿರುಗಿ ನೋಡುವ ಒಳ್ಳೆಯ ಅವಕಾಶ ಅದು. ಕಥೆ ಆ ಕಡೆ ಸಾಕಷ್ಟು ಹೋಗದೆ ಗುಟ್ಟು ಬಯಲಾಗುವ ಗಲಾಟೆಗೇ ಹೆಚ್ಚು ಹೊತ್ತು ಕೊಟ್ಟಿತು. ಹಳೆಯ ನೋಡುಗರು ಈ ಮಿಶೆಲ್‌ಳನ್ನು ಪೂರ್ತಿ ಒಪ್ಪಿಕೊಳ್ಳದಿದ್ದರೆ ಅದು ಜೆನ್ನಾ ರಸಲ್‌ರ ತಪ್ಪಲ್ಲ.

ವಿಕಿ ಏನಾದಳು?

2003ರಲ್ಲಿ ಹದಿಹರೆಯದವಳಾಗಿ ವಾಲ್‌ಫರ್ಡ್‌ಗೆ ಬಂದಳು (ನಟಿ ಸ್ಕಾರ್ಲೆಟ್ ಜಾನ್ಸನ್), ಅಪ್ಪ ಡೆನ್‌ನನ್ನು ಕಂಡಳು, ಮರುವರ್ಷ ಹೋದಳು. 2025ರಲ್ಲಿ ಮಾವ ಮಾರ್ಟಿನ್ ಸತ್ತ ಮೇಲೆ ಮತ್ತೆ ಬಂದಿದ್ದಾಳೆ, ಈಗ ಆ ಪಾತ್ರ ಆಲಿಸ್ ಹೇಗ್ ಅವರದು.

ಮಿಶೆಲ್ ಆದ ಮೇಲೆ ಇಂಥ ಕಥೆಗಳು ಬಂದಿವೆಯೇ?

ಬಂದಿವೆ, ವಯಸ್ಸು ಇನ್ನೂ ಕೆಳಗಿಳಿದಿದೆ. 2000ದಲ್ಲಿ ಮ್ಯಾಂಚೆಸ್ಟರ್ ಕಡೆಯ ಕಥೆಯಿರುವ 'ಕೊರೊನೇಷನ್ ಸ್ಟ್ರೀಟ್'ನಲ್ಲಿ ಸಾರಾ ಪ್ಲಾಟ್ 13ರಲ್ಲಿ ತಾಯಿಯಾದಳು. 2023ರಲ್ಲಿ ಈಸ್ಟ್‌ಎಂಡರ್ಸ್ ತನ್ನದೇ ಚೌಕದಲ್ಲಿ 12 ವರ್ಷದ ಲಿಲಿ ಸ್ಲೇಟರ್‌ಳ ಕಥೆ ಹೇಳಿತು. ಅಲ್ಲಿ ಹುಡುಗನೂ ಅವಳ ಓರಗೆಯ ಮಗುವೇ.

ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡುವುದು ಒಳ್ಳೆಯದು. ಲಿಲಿಯದು ಮಗುವಿಗೆ ಮಗುವಾದ ಕಥೆ, ಅವಳ ಸುತ್ತ ದೊಡ್ಡವರೆಲ್ಲ ಸೇರಿ ಏನು ಮಾಡಬೇಕೆಂದು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಅಮ್ಮ ಸ್ಟೇಸಿ ಸಿಟ್ಟನ್ನು ನುಂಗಿ ಅವಳ ಪಕ್ಕ ನಿಲ್ಲುತ್ತಾಳೆ, ನಿನಗೆ ಏನು ಬೇಕು ಎಂದು ಕೇಳುತ್ತಾಳೆ. ಹದಿನಾರರ ಮಿಶೆಲ್‌ಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅಪ್ಪ ಯಾರು ಎಂದಷ್ಟೇ ಎಲ್ಲರೂ ಕೇಳಿದರು, ಪರದೆಯ ಒಳಗಿದ್ದವರೂ ಹೊರಗಿದ್ದವರೂ.